ತಾಯಿಪ್ರತಿ

ಹೋದ ಬೇಸಗೆಯ ರಜೆಯಲ್ಲಿ ನನ್ನ ಪಾಲಿಗೆ ಒಂದು ಕೆಲಸ ಬಂದಿತು. ನನಗೆ ಪಾಠ ಹೇಳಿದ ಗುರುಗಳೊಬ್ಬರು ಹಾಸನದ ಕಡೆಯ ಹಳ್ಳಿಗಳಲ್ಲಿ ವರ್ಷಗಟ್ಟಲೆ ತಿರುಗಿ ಬೇಸಾಯದ ಮಾತುಗಳನ್ನು ಕೂಡಿಸಿದ್ದರು. ಹಗೇವು, ಮೆದೆ, ಕೂರಿಗೆ, ಏತ ಇಂಥ ಪದಗಳು ಮೂರು ಸಾವಿರಕ್ಕೆ ಮೇಲ್ಪಟ್ಟು. ಒಂದೊಂದರ ಮುಂದೆಯೂ ಅರ್ಥ, ಅದನ್ನು ಆಡಿ ತೋರಿಸುವ ಒಂದು ವಾಕ್ಯ, ಕೇಳಿದ ಊರಿನ ಹೆಸರು. 2002ರಲ್ಲಿ ಅವರು ಅಷ್ಟನ್ನೂ ತಾವೇ ಕುಳಿತು ಕಂಪ್ಯೂಟರಿನಲ್ಲಿ ಟೈಪು ಮಾಡಿದರು. ಪುಸ್ತಕವನ್ನು ಕಣ್ಣಾರೆ ಕಾಣುವ ಭಾಗ್ಯ ಮಾತ್ರ ಅವರಿಗೆ ಒದಗಲಿಲ್ಲ. ಈಗ ನಮ್ಮ ಕಾಲೇಜಿನವರು ಅದನ್ನು ಹೊರತರಲು ಮನಸ್ಸು ಮಾಡಿ ನನ್ನನ್ನು ಕರೆದರು.

ಒಂದು ಪುಸ್ತಕ ಎಂದರೆ ಒಂದು ಪುಸ್ತಕ ಎಂದು ತಿಳಿದಿದ್ದವನು ನಾನು. ಪ್ರಾಂಶುಪಾಲರಿಗೆ ಅಚ್ಚಾದ ಪುಸ್ತಕ ಬೇಕು. ವಿದ್ಯಾರ್ಥಿಗಳಿಗೆ ಮೊಬೈಲಿನಲ್ಲಿ ಓದುವಂಥದು ಬೇಕು. ನಮ್ಮ ತರಗತಿಯಲ್ಲಿ ಕಣ್ಣು ಕಾಣದ ಹುಡುಗನೊಬ್ಬನಿದ್ದಾನೆ. ಅವನಿಗೆ ಕಂಪ್ಯೂಟರು ಗಟ್ಟಿಯಾಗಿ ಓದಿ ಹೇಳಬಲ್ಲ ಪ್ರತಿ ಬೇಕು. ಒಂದೇ ಗ್ರಂಥ, ಮೂರು ರೂಪ. ಕಂಪ್ಯೂಟರು ಪಾಠ ಹೇಳುವ ಕಿರಿಯ ಮಿತ್ರರು, “ಸಾರ್, ಇದಕ್ಕೆಲ್ಲ ಒಂದು ಪರಿವರ್ತಕ ಇಟ್ಟುಕೊಳ್ಳಿ, ಸಾಕು” ಎಂದರು. ಪರಿವರ್ತಕ ಎಂದೊಡನೆ ನನಗೆ ನೆನಪಾದುದು ನಮ್ಮ ಬೀದಿಯ ಕೊನೆಯಲ್ಲಿ ಗುಂಯ್‌ಗುಟ್ಟುವ ವಿದ್ಯುತ್ತಿನ ಪೆಟ್ಟಿಗೆ. ಅವರು ಹೇಳಿದ್ದು ಅದಲ್ಲ. ಬರಹವನ್ನು ಒಂದು ರೂಪದಿಂದ ಹಲವು ರೂಪಗಳಿಗೆ ತಿರುಗಿಸುವ ಸಾಧನ. ಅದು ನನಗೆ ನಿಜವಾಗಿ ಬೇಕೆ, ಬೇಡವೆ? ಯಾವುದೇ ಪ್ರಶ್ನೆ ಬಂದರೂ ಹಿಂದಿನವರು ಏನು ಮಾಡಿದರೆಂದು ನೋಡುವುದು ಕನ್ನಡ ಮೇಷ್ಟರ ಚಾಳಿ. ಅದರಂತೆ ಹಿಂದಕ್ಕೆ ಹೋದೆ.

ಹತ್ತನೆಯ ಶತಮಾನದ ಅತ್ತಿಮಬ್ಬೆಯ ಕತೆ ವಾಚಕರಿಗೆ ತಿಳಿದೇ ಇದೆ. ಪೊನ್ನನ ಶಾಂತಿಪುರಾಣ ಅಳಿದುಹೋಗಬಾರದೆಂದು ಆಕೆ ಅದರ ಸಾವಿರ ಓಲೆಯ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂದು ಪ್ರಸಿದ್ಧಿ. ದೊಡ್ಡ ಕೆಲಸ, ಆದರೆ ಅದರಲ್ಲಿ ರೂಪದ ಪ್ರಶ್ನೆಯೇ ಇರಲಿಲ್ಲವೆಂಬುದನ್ನು ಗಮನಿಸಬೇಕು. ಓಲೆಯಿಂದ ಓಲೆಗೆ ಬರಹ ಇಳಿಯಿತು. ಬೇಕಾಗಿದ್ದುದು ಕೈಗಳು, ಕಂಠಗಳು, ಹೊನ್ನು. ಹೀಗೆ ಒಂದೇ ರೂಪದಲ್ಲಿ ಪ್ರತಿ ಹೆಚ್ಚಿಸುವವನಿಗೆ ಪರಿವರ್ತಕವೆಂಬುದು ಬೇಕಿಲ್ಲ. ಅವನಿಗೆ ಬೇಕಾದುದು ನೆಚ್ಚಿಕೆಯ ಲಿಪಿಕಾರ.

ತೊಡಕು ಹುಟ್ಟುವುದು ಆಸರೆ ಬದಲಾದಾಗ. 941ರಲ್ಲಿ ಹುಟ್ಟಿದ ಪಂಪನ ಭಾರತವನ್ನು ರೈಸ್ ಸಾಹೇಬರು 1898ರಲ್ಲಿ ಅಚ್ಚು ಹಾಕಿಸಿದರು. ಅದಕ್ಕೆ ಮೊದಲು, 1872ರಲ್ಲಿ, ಕಿಟ್ಟೆಲರು ಕೇಶಿರಾಜನ ಶಬ್ದಮಣಿದರ್ಪಣವನ್ನು ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಹೊರತಂದಿದ್ದರು. ಓಲೆಗರಿಯನ್ನು ಕೈಯಲ್ಲಿ ಹಿಡಿದು ನೋಡಿದವರಿಗೆ ಈ ಮಹನೀಯರ ಕಷ್ಟ ಅರ್ಥವಾಗುತ್ತದೆ. ಗರಿಯ ಮೇಲೆ ಪದಗಳ ನಡುವೆ ಬಿಡುವಿಲ್ಲ. ಪದ್ಯವೂ ಗದ್ಯವೂ ಒಂದೇ ಸಾಲಿನಲ್ಲಿ ಹರಿದುಹೋಗುತ್ತವೆ. ಅಚ್ಚಿನ ಪುಟಕ್ಕಾದರೋ ಇದು ಪದ್ಯ, ಇದು ಗದ್ಯ, ಇದು ಸೂತ್ರ, ಇದು ವೃತ್ತಿ ಎಂದು ಬೇರೆಬೇರೆ ಮಾಡಿ ಇಡಬೇಕು. ಮೊಳೆ ಜೋಡಿಸುವವನಿಗೆ ಅದು ಗೊತ್ತಾಗುವುದಿಲ್ಲ, ಸಂಪಾದಕನಿಗೆ ಗೊತ್ತಿರಬೇಕು. ಆದುದರಿಂದ ಓಲೆಯಿಂದ ಅಚ್ಚಿಗೆ ಬರಹವನ್ನು ತಿರುಗಿಸಿದ್ದು ಯಂತ್ರವಲ್ಲ. ಬರಹದ ಯಾವ ಭಾಗ ಏನು ಎಂಬ ತಿಳಿವಳಿಕೆ.

ಈ ತಿಳಿವಳಿಕೆಯ ಗುರುತು ನಮ್ಮ ಚಂಪೂಕಾವ್ಯಗಳ ಪುಟಗಳಲ್ಲಿ ಇಂದಿಗೂ ಇದೆ. ಪದ್ಯದ ತಲೆಯ ಮೇಲೆ ‘ಕಂ’ ಎಂದಿದ್ದರೆ ಕಂದ. ‘ಚಂ’ ಎಂದಿದ್ದರೆ ಚಂಪಕಮಾಲೆ. ‘ವ’ ಎಂದಿದ್ದರೆ ವಚನ. ಇದನ್ನು ದಪ್ಪ ಅಕ್ಷರದಲ್ಲಿ ಹಾಕು, ಅದನ್ನು ಒಳಕ್ಕೆ ಸರಿಸು ಎಂದು ಆ ಚಿಕ್ಕ ಅಕ್ಷರಗಳು ಹೇಳುವುದಿಲ್ಲ. ಇದು ಇಂಥದು ಎಂದು ಹೆಸರಿಟ್ಟು ಸುಮ್ಮನಾಗುತ್ತವೆ. ಹೇಗೆ ಕಾಣಬೇಕೆಂಬುದನ್ನು ಆಯಾ ಮುದ್ರಕ ನೋಡಿಕೊಳ್ಳುತ್ತಾನೆ. ಈ ಸಣ್ಣ ಸಂಗತಿಯನ್ನು ಓದುಗರು ನೆನಪಿನಲ್ಲಿಡಬೇಕು. ಏಕೆಂದರೆ ಕಂಪ್ಯೂಟರಿನ ಲೋಕ ಇದೇ ಮಾತಿಗೆ ಬಂದು ಸೇರಲು ಕೆಲವು ವರ್ಷಗಳನ್ನೇ ತೆಗೆದುಕೊಂಡಿತು.

ಅಮೆರಿಕದ ಎಂಐಟಿಯಲ್ಲಿ ಜೆರೋಮ್ ಸಾಲ್ಟ್‌ಜರ್ ಎಂಬ ಸಂಶೋಧನ ವಿದ್ಯಾರ್ಥಿ 1964ರಲ್ಲಿ ತನ್ನ ಪ್ರಬಂಧದ ಯೋಜನೆಯನ್ನು ಬರೆದುಕೊಳ್ಳಲು ರನ್‌ಆಫ್ ಎಂಬ ಕ್ರಮವಿಧಿಯನ್ನು ರಚಿಸಿದ. ಬರಹದ ನಡುನಡುವೆ ‘ಇಲ್ಲಿ ಹೊಸ ಪುಟ’, ‘ಇಲ್ಲಿ ಒಂದು ಸಾಲು ಬಿಡು’ ಎಂಬ ಅಪ್ಪಣೆಗಳನ್ನು ಇಟ್ಟರೆ ಯಂತ್ರ ಅದರಂತೆ ಟೈಪು ಮಾಡಿಕೊಡುತ್ತಿತ್ತು. ಇದರ ಸಂತತಿ ಬೆಲ್ ಪ್ರಯೋಗಶಾಲೆಗೆ ಬಂದಿತು. ಯೂನಿಕ್ಸ್ ಕಟ್ಟಿದವರು ಹೊಸ ಯಂತ್ರ ಕೊಳ್ಳಲು ಹಣ ಕೇಳಿದಾಗ, ಬರಹವನ್ನು ಸಿದ್ಧಪಡಿಸುವ ಒಂದು ವ್ಯವಸ್ಥೆಯನ್ನು ಮಾಡಿಕೊಡುವೆವೆಂದು ಮಾತು ಕೊಟ್ಟಿದ್ದರು. 1971ರಲ್ಲಿ ಅಲ್ಲಿನ ಪೇಟೆಂಟು ವಿಭಾಗದ ಮೂವರು ಟೈಪಿಸ್ಟರು ಆ ಯಂತ್ರದ ಮುಂದೆ ಕುಳಿತು ದಿನವೆಲ್ಲ ಅರ್ಜಿಗಳನ್ನು ಸಿದ್ಧಪಡಿಸುತ್ತಿದ್ದರು. ಮುಂದೆ ಜೋಸೆಫ್ ಒಸಾನ ಎಂಬವರು ಅಚ್ಚಿನಂಥ ಪುಟ ಕೊಡುವ ಟ್ರಾಫ್ ಎಂಬುದನ್ನು ಬರೆದರು. ಅದರ ಕೊರತೆಯೊಂದೇ: ಅದು ಒಂದೇ ಒಂದು ಬಗೆಯ ಅಕ್ಷರಜೋಡಣೆಯ ಯಂತ್ರವನ್ನು ಬಲ್ಲುದು. ಯಂತ್ರ ಮುದಿಯಾದರೆ ಬರಹವೂ ಮೂಲೆಗೆ. ಒಸಾನ 1977ರಲ್ಲಿ ತೀರಿಕೊಂಡರು. ಬ್ರಯನ್ ಕರ್ನಿಘನ್ 1979ರ ಸುಮಾರಿಗೆ ಆ ಕ್ರಮವಿಧಿಯನ್ನು ತಿದ್ದಲು ತೊಡಗಿ, ಯಾವ ಯಂತ್ರಕ್ಕಾದರೂ ಹೊಂದುವಂತೆ ಮಾಡಿದರು. ಬರಹ ಒಂದು, ಅದನ್ನು ಮೈಗೂಡಿಸುವ ಯಂತ್ರ ಇನ್ನೊಂದು ಎಂಬ ವಿವೇಕ ಹೀಗೆ ಪೆಟ್ಟು ತಿಂದು ಬಂದುದು.

ಇನ್ನೊಂದು ದಾರಿಯಲ್ಲಿ ಈ ವಿವೇಕ ಮೊದಲೇ ಮೂಡಿತ್ತು. ಐಬಿಎಂ ಸಂಸ್ಥೆಯ ಚಾರ್ಲ್ಸ್ ಗೋಲ್ಡ್‌ಫಾರ್ಬ್ ಮೊದಲು ವಕೀಲರು. ವಕೀಲರ ಕಚೇರಿಗಳ ಕಾಗದಪತ್ರಗಳನ್ನು ಕಂಪ್ಯೂಟರಿಗೆ ಒಗ್ಗಿಸುವ ಕೆಲಸ ಅವರಿಗೂ ಸಂಗಡಿಗರಿಗೂ ಬಂದಿತು. ತಿದ್ದುವುದಕ್ಕೆ ಒಂದು ಕ್ರಮವಿಧಿ, ಹುಡುಕುವುದಕ್ಕೆ ಒಂದು, ಪುಟ ಜೋಡಿಸುವುದಕ್ಕೆ ಒಂದು. ಒಂದರ ಮಾತು ಇನ್ನೊಂದಕ್ಕೆ ತಿಳಿಯದು. 1969ರಲ್ಲಿ ಅವರೂ ಎಡ್ವರ್ಡ್ ಮೋಷರ್, ರೇಮಂಡ್ ಲೋರಿ ಇವರೂ ಕೂಡಿ ಕಂಡುಕೊಂಡ ಪರಿಹಾರವೆಂದರೆ, ಹೇಗೆ ಕಾಣಬೇಕು ಎಂಬುದನ್ನು ಬಿಟ್ಟು ಇದು ಏನು ಎಂಬುದನ್ನು ಮಾತ್ರ ಬರಹದಲ್ಲಿ ಗುರುತು ಮಾಡುವುದು. ಇದು ಶೀರ್ಷಿಕೆ, ಇದು ಪರಿಚ್ಛೇದ, ಇದು ಪಟ್ಟಿ. ಮೂವರ ಹೆಸರಿನ ಮೊದಲಕ್ಷರಗಳಿಂದ ಅದಕ್ಕೆ ಜಿಎಂಎಲ್ ಎಂದು ಹೆಸರಾಯಿತು. 1986ರಲ್ಲಿ ಅದರ ಬೆಳೆದ ರೂಪ ಅಂತರರಾಷ್ಟ್ರೀಯ ಮಾನಕವಾಯಿತು. ಜಾಲದ ಪುಟಗಳ ಎಚ್‌ಟಿಎಂಎಲ್ ಅದರ ಮೊಮ್ಮಗುವೆನ್ನಬಹುದು. ನಮ್ಮ ‘ಕಂ’, ‘ಚಂ’, ‘ವ’ಗಳನ್ನು ಕಂಡಿದ್ದರೆ ಗೋಲ್ಡ್‌ಫಾರ್ಬರು ತಮ್ಮವರನ್ನು ಕಂಡಂತೆ ನಗುತ್ತಿದ್ದರೇನೋ!

ಆದರೆ ಒಂದು ಮಾನಕ ಬಂದೊಡನೆ ಲೋಕ ಒಂದಾಗಲಿಲ್ಲ. ಜನ ತಮತಮಗೆ ಬೇಕಾದ ರೂಪಗಳನ್ನು ಮಾಡಿಕೊಂಡರು. ಗಣಿತದವರಿಗೆ ಒಂದು, ಕಚೇರಿಯವರಿಗೆ ಒಂದು, ಇ-ಪುಸ್ತಕಕ್ಕೆ ಒಂದು. ಇಲ್ಲಿ ಒಂದು ಸಣ್ಣ ಲೆಕ್ಕ ಹಾಕೋಣ. ಹತ್ತು ರೂಪಗಳಿವೆ ಎನ್ನಿ. ಪ್ರತಿಯೊಂದನ್ನೂ ಉಳಿದ ಒಂಬತ್ತಕ್ಕೆ ನೇರವಾಗಿ ತಿರುಗಿಸುವುದಾದರೆ 90 ದುಭಾಷಿಗಳು ಬೇಕು. ಹಿಂದೆ ನಮ್ಮ ಸಂತೆಗಳಲ್ಲಿ ಊರಿಗೊಂದು ಸೇರು ಇದ್ದ ಕಾಲವನ್ನು ಹಿರಿಯರು ಬಲ್ಲರು. ಈ ಊರ ಸೇರಿಗೆ ಆ ಊರ ಸೇರು ಎಷ್ಟು ಎಂದು ಜೋಡಿಜೋಡಿಯಾಗಿ ಲೆಕ್ಕವಿಡುವುದಕ್ಕಿಂತ ಎಲ್ಲವನ್ನೂ ಒಂದು ಲೀಟರಿಗೆ ತಂದು ಅಲ್ಲಿಂದ ಹೊರಡುವುದು ಸುಲಭ. ಹಾಗೆ ನಡುವೆ ಒಂದು ರೂಪವನ್ನು ಇಟ್ಟುಕೊಂಡರೆ, ಒಳಕ್ಕೆ ತರುವವರು ಹತ್ತು, ಹೊರಕ್ಕೆ ಒಯ್ಯುವವರು ಹತ್ತು, ಒಟ್ಟು 20ರಲ್ಲಿ ಕೆಲಸ ಮುಗಿಯುತ್ತದೆ. ಈ ಉಪಾಯವನ್ನು ಹಿಡಿದು 2006ರಲ್ಲಿ ಪ್ಯಾಂಡಾಕ್ ಎಂಬ ಸಾಧನವನ್ನು ಮಾಡಿ ಲೋಕಕ್ಕೆ ಬಿಟ್ಟಿಯಾಗಿ ಕೊಟ್ಟವರು ಜಾನ್ ಮ್ಯಾಕ್‌ಫರ್ಲೇನ್. ಅವರು ಬರ್ಕ್ಲಿಯಲ್ಲಿ ತತ್ತ್ವಶಾಸ್ತ್ರದ ಪ್ರಾಧ್ಯಾಪಕರು ಎಂಬುದನ್ನು ಕೇಳಿ ನನಗೆ ಸ್ವಲ್ಪ ಧೈರ್ಯ ಬಂದಿತು. ನಮ್ಮ ಮಿತ್ರರು ಹೇಳಿದ ಪರಿವರ್ತಕ ಇದೇ.

ಅದರ ಬಲ ಯಾವುದೋ ದೌರ್ಬಲ್ಯವೂ ಅದೇ. ನಡುವಿನ ಆ ರೂಪ ಬಡವಾದದ್ದು. ಎಲ್ಲ ರೂಪಗಳಿಗೂ ಸಾಮಾನ್ಯವಾದ ಶೀರ್ಷಿಕೆ, ಪಟ್ಟಿ, ಅಡಿಟಿಪ್ಪಣಿ, ಒತ್ತಿ ಹೇಳಿದ ಮಾತು ಇವನ್ನು ಅದು ಬಲ್ಲುದು. ಒಂದು ರೂಪಕ್ಕೆ ಮಾತ್ರ ಸಲ್ಲುವ ಅಂದಚಂದಗಳು ಅದರೊಳಗೆ ಹಾಯುವಾಗ ಉದುರಿಹೋಗಬಹುದು. ಅದನ್ನು ಮಾಡಿದವರೇ ಇದನ್ನು ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ. ಎಷ್ಟೋ ವೇಳೆ ಉದುರಿದ್ದು ಹೊಟ್ಟು, ಅದರಿಂದ ನಷ್ಟವಿಲ್ಲ. ಕೆಲವು ವೇಳೆ ಕಾಳೂ ಹೋಗುತ್ತದೆ.

ನನ್ನ ಕೆಲಸಕ್ಕೆ ಬರುತ್ತೇನೆ. ಗುರುಗಳ ಕಡತವನ್ನು ತೆರೆದಾಗ ನನ್ನ ಎದೆ ಧಸಕ್ಕೆಂದಿತು. ಪುಟದ ತುಂಬ ಇಂಗ್ಲಿಷಿನ ಅಕ್ಷರಗಳು, ತಲೆಯ ಮೇಲೆ ಚುಕ್ಕೆ ಗೀರುಗಳನ್ನು ಹೊತ್ತ ಪರದೇಶದ ಅಕ್ಷರಗಳು. ‘ಕನ್ನಡ’ ಎಂಬ ಪದದ ನಡುವೆ ಬ್ರಿಟನ್ನಿನ ಪೌಂಡಿನ ಗುರುತು! ಆ ಕಾಲದ ಕನ್ನಡ ಫಾಂಟುಗಳ ಗುಟ್ಟೇ ಇದು. ಒಳಗೆ ಇರುತ್ತಿದ್ದುದು ರೋಮನ್ ಅಕ್ಷರಗಳ ಅಂಕೆ. ಮೇಲೆ ಹೊದಿಸಿದ್ದುದು ಕನ್ನಡದ ಚಿತ್ರ. ಫಾಂಟು ಇದ್ದರೆ ಕನ್ನಡ, ಇಲ್ಲದಿದ್ದರೆ ಗೊಂದಲ. ಪ್ರತಿ ಕನ್ನಡ ಅಕ್ಷರಕ್ಕೂ ತನ್ನದೇ ಅಂಕೆಯನ್ನು ಕೊಟ್ಟ ಯೂನಿಕೋಡು 1991ರಲ್ಲಿ ಮೊದಲ ಆವೃತ್ತಿಯಲ್ಲಿಯೇ ನಮ್ಮ ಲಿಪಿಯನ್ನು ಸೇರಿಸಿಕೊಂಡಿತ್ತಾದರೂ ಅದು ನಮ್ಮ ಮೇಜಿನ ಮೇಲಕ್ಕೆ ಬರಲು ಬಹುಕಾಲ ಹಿಡಿಯಿತು. ಪ್ಯಾಂಡಾಕ್ ಯೂನಿಕೋಡಿನ ಬರಹವನ್ನು ಮಾತ್ರ ಬಲ್ಲುದು. ಆದುದರಿಂದ ಮೊದಲು ಹಳೆಯ ಫಾಂಟಿನಿಂದ ಯೂನಿಕೋಡಿಗೆ ತರುವ ಬೇರೊಂದು ಸಾಧನ ಬೇಕಾಯಿತು. ಮಿತ್ರರು ಎಲ್ಲಿಂದಲೋ ಒಂದನ್ನು ತಂದರು. ಅಕ್ಷರಗಳನ್ನು ಎತ್ತಿ ಅದರೊಳಗೆ ಸುರಿದೆವು; ಕ್ಷಣದಲ್ಲಿ ಕನ್ನಡ ಬಂದಿತು.

ಬಂದಿತೆಂದು ಹಿಗ್ಗಿದವನು ಒಂದು ಪುಟ ಓದಿ ಕುಗ್ಗಿದೆ. ‘ವರ್ಷ’ ಎಂಬುದು ‘ವಷರ್’ ಎಂದಾಗಿತ್ತು. ‘ಕಾರ್ತಿಕ’ ಹೋಗಿ ‘ಕಾತಿರ್ಕ’ ಆಗಿತ್ತು. ಕಾರಣ ಸ್ವಾರಸ್ಯವಾಗಿದೆ. ನಾವು ಕೈಯಲ್ಲಿ ಬರೆಯುವಾಗ ಷಕಾರವನ್ನು ಬರೆದು ಆಮೇಲೆ ಅರ್ಕಾವೊತ್ತನ್ನು ಎಳೆಯುತ್ತೇವೆ. ನುಡಿಯುವಾಗ ರೇಫವನ್ನು ಮೊದಲು ನುಡಿಯುತ್ತೇವೆ. ಹಳೆಯ ಫಾಂಟು ಕೈಯನ್ನು ಅನುಸರಿಸಿತ್ತು, ಯೂನಿಕೋಡು ನಾಲಿಗೆಯನ್ನು ಅನುಸರಿಸುತ್ತದೆ. ಈ ಭೇದವನ್ನು ಅರಿಯದ ಸಾಧನ ಒತ್ತನ್ನು ಇದ್ದಲ್ಲೇ ಬಿಟ್ಟಿತ್ತು. ಓದುವ ಕಣ್ಣು ಹೇಗೋ ಸುಧಾರಿಸಿಕೊಂಡೀತು. ಗಟ್ಟಿಯಾಗಿ ಓದುವ ಯಂತ್ರ ನಮ್ಮ ಹುಡುಗನ ಕಿವಿಗೆ ‘ವಷರ್’ ಎಂದೇ ಹೇಳುತ್ತದೆ. ಹಾಗೆಂದು ಮಾನಕಗಳು ತಪ್ಪಿಗೆ ಹೊರತೆಂದಲ್ಲ. ಕೇಶಿರಾಜನ ವ್ಯಾಕರಣದಲ್ಲಿ ಅಷ್ಟು ಮರ್ಯಾದೆ ಪಡೆದ ನಮ್ಮ ‘ೞ’ಕಾರಕ್ಕೆ ಯೂನಿಕೋಡು ಇಟ್ಟ ಇಂಗ್ಲಿಷ್ ಹೆಸರು ‘ಫಾ’! ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮವಿರುವುದರಿಂದ, ಅದು ತಪ್ಪೆಂದು ಒಪ್ಪಿ ಪಕ್ಕದಲ್ಲಿ ಸರಿಯಾದ ಹೆಸರನ್ನು ಸೇರಿಸಿದ್ದಾರೆ. ಲಿಪಿಕಾರನ ತಪ್ಪನ್ನು ಅಡಿಟಿಪ್ಪಣಿಯಲ್ಲಿ ತಿದ್ದುವ ಸಂಪಾದಕನ ನೆನಪಾಗುವುದಿಲ್ಲವೆ?

ನಾನೂ ಇಬ್ಬರು ವಿದ್ಯಾರ್ಥಿಗಳೂ ಆರು ವಾರ ಕುಳಿತು, ಗುರುಗಳು ಹಿಂದೆ ಮುದ್ರಿಸಿ ಇಟ್ಟಿದ್ದ ಕಪ್ಪುಬಿಳುಪಿನ ಕಾಗದಗಳೊಡನೆ ಪ್ರತಿ ಪದವನ್ನೂ ಹೋಲಿಸಿ ತಿದ್ದಿದೆವು. ಮುಗಿದ ಮೇಲೆ ಪ್ರತಿಯನ್ನು ತೆಗೆದುಕೊಂಡು ಗುರುಪತ್ನಿಯವರ ಮನೆಗೆ ಹೋದೆ. ಅವರು ಕನ್ನಡಕ ಏರಿಸಿಕೊಂಡು ನಾಲ್ಕು ಪುಟ ತಿರುಗಿಸಿ, “ಏನಪ್ಪಾ, ಆ ಕೆಂಪು ಎಲ್ಲಿ ಹೋಯಿತು?” ಎಂದರು.

“ಯಾವ ಕೆಂಪಮ್ಮ?” ಎಂದೆ.

“ಅವರು ಕೆಲವು ಮಾತನ್ನ ಕೆಂಪಕ್ಷರದಲ್ಲಿ ಹೊಡೀತಿದ್ದರು. ಹೇಳಿದೋರು ತೀರಿಕೊಂಡುಬಿಟ್ಟಿದ್ದರೆ ಕೆಂಪು ಮಾಡೋರು. ಇನ್ನು ಹೋಗಿ ಕೇಳೋಕೆ ಯಾರೂ ಇಲ್ಲ ಅನ್ನೋರು.”

ನಾನು ಮಾತಾಡದೆ ಎದ್ದು ಬಂದೆ. ಹಳೆಯ ಕಂಪ್ಯೂಟರನ್ನು ಹಾಕಿ ಮೂಲ ಕಡತವನ್ನು ಅದರ ಫಾಂಟಿನೊಡನೆ ತೆರೆದು ನೋಡಿದರೆ, ಹೌದು, ಅಲ್ಲಲ್ಲಿ ಕೆಂಪು ಅಕ್ಷರ. ನಾವು ಬರಿಯ ಅಕ್ಷರಗಳನ್ನು ಸುರಿದಾಗ ಬಣ್ಣ ಸದ್ದಿಲ್ಲದೆ ಉದುರಿಹೋಗಿತ್ತು. ಕಾಗದದ ಪ್ರತಿಯಲ್ಲಿ ಎಲ್ಲವೂ ಕಪ್ಪು. ಆದುದರಿಂದ ನಮ್ಮ ಆರು ವಾರದ ಹೋಲಿಕೆಗೂ ಅದು ಸಿಕ್ಕಿರಲಿಲ್ಲ. ದೋಷ ಸಾಧನದ್ದೂ ಅಲ್ಲ. ಗುರುಗಳು ಆ ಸಂಗತಿಗೆ ಬಣ್ಣ ಕೊಟ್ಟಿದ್ದರೇ ಹೊರತು ಹೆಸರು ಕೊಟ್ಟಿರಲಿಲ್ಲ. ಪಂಪನ ಪುಟದ ‘ಕಂ’ ಎಂಬ ಒಂದು ಅಕ್ಷರದಷ್ಟು ಗುರುತು ಇದ್ದಿದ್ದರೆ ಅದು ಎಷ್ಟು ಸಾಧನಗಳ ಒಳಗೆ ಹಾಯ್ದರೂ ಉಳಿಯುತ್ತಿತ್ತು. ಅಮ್ಮನವರು ಇಲ್ಲದಿದ್ದರೆ, ಕೆಂಪು ಕಣ್ಣಿಗೆ ಬಿದ್ದರೂ ಅದರ ಅರ್ಥ ಯಾರಿಗೂ ತಿಳಿಯುತ್ತಿರಲಿಲ್ಲ.

ಈಗ ಮೊದಲ ಪ್ರಶ್ನೆಗೆ ಉತ್ತರ ಹೇಳಬಹುದು. ಬರಹ ಒಂದು ಸಾರಿ, ಒಂದು ರೂಪಕ್ಕೆ ಹೋಗಿ ಅಲ್ಲಿಯೇ ನೆಲೆಸುವುದಾದರೆ ಪರಿವರ್ತಕದ ಹಂಬಲ ಬೇಡ. ಕಾಲೇಜಿನ ಬೀಳ್ಕೊಡುಗೆಯ ಭಾಷಣಕ್ಕೂ ಸಂಘದ ವಾರ್ಷಿಕ ವರದಿಗೂ ಅದನ್ನು ಕಲಿಯಲು ಕುಳಿತರೆ, ಮಗ್ಗಿ ಒಪ್ಪಿಸಲು ಪಂಚಾಂಗ ಕೊಂಡಂತಾದೀತು. ಬರೆಯುವ ಕ್ರಮವಿಧಿಯಲ್ಲಿಯೇ ‘ಬೇರೆ ರೂಪದಲ್ಲಿ ಉಳಿಸು’ ಎಂಬ ಅನುಕೂಲವಿರುತ್ತದೆ. ಉಳಿದದ್ದನ್ನು ಕೈಯಿಂದ ಸರಿಮಾಡಿದರಾಯಿತು. ಬರಹ ಎರಡು ಮೂರು ರೂಪಗಳಿಗೆ ಹೋಗಬೇಕು, ಅದರ ಮೇಲೆ ಮೂಲವೂ ತಿದ್ದುಪಡಿಯಾಗುತ್ತ ಇರಬೇಕು ಎಂಬಲ್ಲಿ ಮಾತ್ರ ಸಾಧನ ಬೇಕೇಬೇಕು. ಇಲ್ಲದಿದ್ದರೆ ಒಂದು ತಿದ್ದುಪಡಿಯನ್ನು ಮೂರು ಕಡೆ ಮಾಡಬೇಕು. ಒಂದು ಕಡೆ ಮರೆಯುತ್ತೇವೆ. ಒಂದೇ ಗ್ರಂಥಕ್ಕೆ ನಮ್ಮ ಕಣ್ಣೆದುರಿಗೇ ಪಾಠಾಂತರಗಳು ಹುಟ್ಟುತ್ತವೆ. ಓಲೆಯ ಕಾಲದಲ್ಲಿ ಅದು ಆಗಲು ಶತಮಾನಗಳು ಹಿಡಿಯುತ್ತಿದ್ದುವು. ಈಗ ಒಂದು ವಾರ ಸಾಕು.

ಯಾವ ಪಕ್ಷವಾದರೂ ತಾಯಿಪ್ರತಿ ಒಂದಿರಬೇಕು. ಅದು ಯಾವ ಯಂತ್ರಕ್ಕೂ ಅಡಿಯಾಳಾಗಿರಬಾರದು. ಇಂಗ್ಲೆಂಡಿನಲ್ಲಿ 1086ರ ಡೂಮ್ಸ್‌ಡೇ ಎಂಬ ಜಮೀನುದಾಖಲೆಯ 900ನೆಯ ವರ್ಷಕ್ಕೆಂದು ಬಿಬಿಸಿಯವರು 1986ರಲ್ಲಿ ಹೊಸದೊಂದನ್ನು ಮಾಡಿ ಲೇಸರ್ ತಟ್ಟೆಗಳಲ್ಲಿ ತುಂಬಿದರು. ಹದಿನಾರು ವರ್ಷ ಕಳೆಯುವಷ್ಟರಲ್ಲಿ ಅದನ್ನು ಓದುವ ಯಂತ್ರಗಳೇ ಅಪರೂಪವಾಗಿ, 2002ರಲ್ಲಿ ಸಂಶೋಧಕರು ಪಾಡುಪಟ್ಟು ಅದನ್ನು ಉಳಿಸಿಕೊಳ್ಳಬೇಕಾಯಿತು. ತೊಗಲಿನ ಮೇಲೆ ಬರೆದ ಹಳೆಯದು ಇಂದಿಗೂ ಕಣ್ಣಿದ್ದವರಿಗೆ ಕಾಣುತ್ತದೆ. ಹುಣಿಸೆಬೀಜದ ಗಂಜಿಯನ್ನೂ ಇದ್ದಲಿನ ಪುಡಿಯನ್ನೂ ಬಟ್ಟೆಗೆ ಬಳಿದು ಬಳಪದಲ್ಲಿ ಬರೆಯುತ್ತಿದ್ದ ನಮ್ಮ ಕಡತದ ಹೆಸರನ್ನೇ ಇಂದು ಕಂಪ್ಯೂಟರಿನ ಕಡತಕ್ಕೂ ಕೊಟ್ಟಿದ್ದೇವೆ. ಅದರ ಬಾಳಿಕೆಯನ್ನು ಕೊಡುವುದು ನಮ್ಮ ಕೈಯಲ್ಲಿದೆ.

ನಮಗೆ ಪರಿವರ್ತಕ ಬೇಕೆಂದೇ ತೀರ್ಮಾನವಾಯಿತು. ಆದರೆ ಅದಕ್ಕೆ ಕೈಹಾಕುವ ಮೊದಲು ಇನ್ನೂ ಮೂರು ವಾರ ಕುಳಿತೆವು. ಅಲಂಕಾರವಿಲ್ಲದ ಯೂನಿಕೋಡಿನ ಒಂದೇ ತಾಯಿಪ್ರತಿಯಲ್ಲಿ ಪದ, ಅರ್ಥ, ಬಳಕೆ, ಊರು ಎಂದು ಒಂದೊಂದಕ್ಕೂ ಹೆಸರಿಟ್ಟೆವು. ಮೂಲ ಕಡತದಲ್ಲಿ ಕೆಂಪಾಗಿದ್ದ ಪದಗಳನ್ನು ಎಣಿಸಿದೆವು, 214 ಇದ್ದುವು. ಅವುಗಳ ಮುಂದೆ ‘ಮತ್ತೆ ಕೇಳಲಾಗದ್ದು’ ಎಂದು ಬರೆದೆವು. ಈಗ ಆ ಗುರುತು ಅಚ್ಚಿನ ಪುಟದಲ್ಲಿ ಒಂದು ಚುಕ್ಕೆಯಾಗಿ ಬರುತ್ತದೆ, ಮೊಬೈಲಿನಲ್ಲಿ ಕೆಂಪಾಗಿ ಕಾಣುತ್ತದೆ. ಕಣ್ಣು ಕಾಣದ ನಮ್ಮ ಹುಡುಗನಿಗೆ ಯಂತ್ರ ಅದನ್ನು ಮಾತಿನಲ್ಲಿಯೇ ಓದಿ ಹೇಳುತ್ತದೆ. ಮೊದಲ ದಿನ ಅವನು ಕೇಳುತ್ತ ಕುಳಿತಿದ್ದು, ಹತ್ತನೆಯ ಪದಕ್ಕೋ ಹನ್ನೊಂದನೆಯದಕ್ಕೋ ನಿಲ್ಲಿಸಿ, “ಸಾರ್, ಇದನ್ನು ಹೇಳಿದವರ ಊರು ನಮ್ಮ ಅಜ್ಜಿಯ ಊರಿನ ಪಕ್ಕದ್ದು. ಅಜ್ಜಿಯನ್ನು ಕೇಳಿ ನೋಡಲೆ?” ಎಂದ.

ಅಜ್ಜಿಗೆ ಆ ಮಾತು ಗೊತ್ತಿತ್ತು. ತಾಯಿಪ್ರತಿಯಲ್ಲಿ ಈಗ 213 ಉಳಿದಿವೆ.